ಮಗ್ಗ ಬ್ಯಾಂಡಿನ ಕ್ಯಾಸೆಟ್ಟಿಗೆ ನಲವತ್ತೊಂದು ಸಹಿ

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಕ್ಕದ್ದೇ ಪಾಲಾಕ್ಷನ ಮೈಕ್‌ಸೆಟ್ ಅಂಗಡಿ. ನಡುವೆ ಒಂದು ಇಟ್ಟಿಗೆ ದಪ್ಪದ ಗೋಡೆ. ಆ ಗೋಡೆಯ ದೆಸೆಯಿಂದ ಹದಿನೆಂಟು ವರ್ಷಗಳಲ್ಲಿ ನಾನು ಕೇಳದ ಹಾಡಿಲ್ಲ, ಪಾಲಾಕ್ಷನ ಮನೆಯ ಜಗಳಗಳಲ್ಲಿ ನನಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ಕ್ಯಾಸೆಟ್ಟಿನ ವಿಚಾರವಾಗಿ ಊರಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಿಜ ಬಲ್ಲವನು ಓಂಕಾರಮೂರ್ತಿಯಾದ ನಾನೊಬ್ಬನೇ ಎಂದು ಮೊದಲೇ ಹೇಳಿಬಿಡುತ್ತೇನೆ.

ಪಾಲಾಕ್ಷ ಕೆಟ್ಟವನಲ್ಲ. ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಕುಣಿಯುವ ಹಾಡು ಹಾಕುತ್ತಾನೆ, ತಿಥಿಯ ಊಟಕ್ಕೆ ಕೂತವರಿಗೆ ಮೈಕಿನಲ್ಲಿ ಶುಭಾಶಯ ಕೋರುತ್ತಾನೆ. ಅಷ್ಟು ಬಿಟ್ಟರೆ ಚಿನ್ನದಂಥ ಮನುಷ್ಯ. ಎರಡು ಗುಂಡಿಯ ಯಂತ್ರ ಕೊಟ್ಟರೆ ಮೂರನೆಯದನ್ನು ಹುಡುಕಿ ಒತ್ತುವ ಕೈ ಅವನದು. ಈ ಕಥೆಗೂ ಆ ಕೈಯೇ ಕಾರಣ.

ಇಪ್ಪತ್ತೇಳು ವರ್ಷದ ಹಿಂದೆ ನಮ್ಮೂರಿನ ಒಂದು ಶೇಂಗಾ ಎಣ್ಣೆ ಮಿಲ್ಲಿಗೆ ಹೊಸ ಯಂತ್ರ ಬಂತು. ಪೂಜೆಯ ದಿನ ಸಾಯಂಕಾಲ ಮಿಲ್ಲಿನ ಅಂಗಳದಲ್ಲಿ ಮನರಂಜನೆ. ಸಿನಿಮಾ ಹಾಡಿನ ಆರ್ಕೆಸ್ಟ್ರಾ ಎಂದುಕೊಂಡು ಯಜಮಾನರು ಕರೆಸಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯ ಮೂವರು ಹುಡುಗರನ್ನು. ಅವರದು ರಾಕ್ ಬ್ಯಾಂಡು, ಹೆಸರು ‘ಮಗ್ಗ’. ಹಾಡುಗಳೆಲ್ಲ ಸ್ವಂತದವು: ಬಣ್ಣ ಬಿಟ್ಟ ನೂಲಿನ ಮೇಲೊಂದು, ಬಾರದ ಬಸ್ಸಿನ ಮೇಲೊಂದು. ಕೇಳುವುದಕ್ಕೆ ಚೀಲಗಳ ಮೇಲೆ ಕೂತಿದ್ದವರು ಮೂಟೆ ಹೊರುವ ನಲವತ್ತು ಹಮಾಲರು.

ಮೈಕ್‌ಸೆಟ್ಟು ಪಾಲಾಕ್ಷನದು. ಶುರುವಿಗೆ ಒಂದು ದೇವರ ಹಾಡು ಹಾಕೋಣವೆಂದು ಮನೆಯಲ್ಲಿ ಕೈಗೆ ಸಿಕ್ಕ ಕ್ಯಾಸೆಟ್ಟನ್ನು ಟೇಪಿಗೆ ತುರುಕಿ ಗುಂಡಿ ಒತ್ತಿದ. ಪಕ್ಕದಲ್ಲಿದ್ದ, ಮುದ್ರಿಸುವ ಕೆಂಪು ಗುಂಡಿಯೂ ಜೊತೆಗೆ ಒತ್ತಿಕೊಂಡಿತು. ದೇವರ ಹಾಡು ಬರಲಿಲ್ಲ. ತಂತಿ ಸಡಿಲವಾಗಿದೆ ಎಂದು ತೀರ್ಮಾನಿಸಿ, ಅದನ್ನು ಹಾಗೆಯೇ ತಿರುಗಲು ಬಿಟ್ಟು, ಮೂರನೆಯ ಹಾಡಿನ ಹೊತ್ತಿಗೆ ಊಟಕ್ಕೆ ಹೋದ. ತಿಂದು, ಎಲೆ ಅಡಿಕೆ ಹಾಕಿಕೊಂಡು ಬಂದು ನೋಡಿದರೆ ಕರೆಂಟಿಲ್ಲ, ವೇದಿಕೆ ಖಾಲಿ, ಜನ ಖಾಲಿ. ಗೇಟಿನ ಕಾವಲುಗಾರ ಹೇಳಿದ: “ನಾಕನೇ ಹಾಡು ಹಾಡ್ತಿರ್ಬೇಕಾರೆ ಜನ ಪೂರಾ ಎದ್ದು ಹೋದ್ರು ಕಣಣ್ಣ. ಪಾಪ, ಹುಡುಗ್ರು ಅರ್ಧಕ್ಕೇ ನಿಲ್ಸಿ ಟೆಂಪೋ ಹತ್ತಿದ್ರು.”

ಹೀಗೆ ಒಂದು ಸಂಗೀತ ಕಚೇರಿ ನಡೆದಷ್ಟೂ ಕ್ಯಾಸೆಟ್ಟಿಗೆ ಇಳಿಯಿತು. ಅಳಿಸಿಹೋದದ್ದು ದೇವರ ಹಾಡಲ್ಲ. ಪಾಲಾಕ್ಷನ ಮದುವೆಯಲ್ಲಿ ಅವನ ಅತ್ತೆ, ಗೌರಸಮುದ್ರದ ಕರಿಯಕ್ಕ, ಬಾಯಿತುಂಬ ಹಾಡಿದ್ದ ಸೋಬಾನೆ ಪದಗಳು. ಇದ್ದದ್ದು ಅದೊಂದೇ ಪ್ರತಿ. ಹೆಂಡತಿ ಟೇಪನ್ನು ಮುಂದಕ್ಕೆ ಓಡಿಸಿ ಹುಡುಕಿದಾಗ ಕೊನೆಯಲ್ಲಿ ಒಂದೆರಡು ಪದ ಮಾತ್ರ ಬಚಾವಾಗಿದ್ದವು. ಆ ಪದಗಳು ಹೆಂಡತಿಯ ಕಿವಿಗೆ ಬಿದ್ದರೆ ಹಳೆಯ ಜಗಳ ಹೊಸದಾಗಿ ಹುಟ್ಟುತ್ತಿದ್ದುದರಿಂದ, ಪಾಲಾಕ್ಷ ಸ್ಪೀಕರ್ ಪರೀಕ್ಷೆಗೆಂದು ಆ ಕ್ಯಾಸೆಟ್ಟು ಹಾಕಿದಾಗಲೆಲ್ಲ ಜನರ ಕಾಲ ಸಪ್ಪಳ ಶುರುವಾದೊಡನೆ ಟೇಪು ನಿಲ್ಲಿಸುತ್ತಿದ್ದ.

ಹೋದ ವರ್ಷ ಕುದಾಪುರದ ವಿಜ್ಞಾನ ಸಂಸ್ಥೆಯಿಂದ ರಾಜ್ಯೋತ್ಸವಕ್ಕೆ ಮೈಕು ಬೇಕೆಂದು ಒಬ್ಬ ಎಂಜಿನಿಯರ್ ಬಂದ. ಪಾಲಾಕ್ಷ ಅದೇ ಕ್ಯಾಸೆಟ್ಟು ಹಾಕಿದ. ಮೈಕು ನೋಡಲು ಬಂದವನು ಬಾಯಿ ತೆರೆದು ನಿಂತು, ಎರಡು ಹಾಡನ್ನು ಫೋನಿನಲ್ಲಿ ಹಿಡಿದು ಲೋಕಕ್ಕೆಲ್ಲ ಹಂಚಿದ. ವಾರದೊಳಗೆ ಬೆಂಗಳೂರಿನಿಂದ ದಿವ್ಯಾ ಎಂಬ ಹೆಣ್ಣುಮಗಳ ಫೋನು. ಹಳೆಯ ಕಚೇರಿಗಳ ಮುದ್ರಣ ಹುಡುಕಿ ಗ್ರಾಮಫೋನಿನ ಕಪ್ಪು ತಟ್ಟೆ ಮಾಡಿ ಬಿಡುಗಡೆ ಮಾಡುವ ಕಂಪನಿಯಂತೆ.

“ಸರ್, ನಿಮ್ಮ ಹತ್ತಿರ ಇರೋದು ಎಂಥದ್ದು ಗೊತ್ತಾ? ಮಗ್ಗ ಬ್ಯಾಂಡ್ ಹಾಡಿದ್ದೇ ಅದೊಂದು ಸಲ. ಹಾಡಿದ ಈರೇಶ್ ಅವರಿಗೆ ಎರಡು ವರ್ಷದ ಹಿಂದೆ ಗಂಟಲು ಆಪರೇಷನ್ ಆಗಿ ದನಿನೇ ಹೋಗಿದೆ. ಅವರ ಹೆಂಡತಿ ಕೂಡ ಅವರ ಹಾಡು ಒಂದು ದಿನವೂ ಕೇಳಿಲ್ಲವಂತೆ.”

ಪಾಲಾಕ್ಷ ಫೋನಿಟ್ಟವನೇ ನನ್ನ ಅಂಗಡಿಗೆ ಓಡಿಬಂದ. ಅನಂತರ ಹೊರಟ ಮಾತು ನಿಲ್ಲಲಿಲ್ಲ. “ಓಂಕಾರಣ್ಣ, ಕೆಂಪು ಗುಂಡಿ ಒತ್ತಿದ್ದು ಬೇಕಂತಲೇ ಕಣಣ್ಣ. ನನಗೆ ಅವತ್ತೇ ಗೊತ್ತಿತ್ತು” ಎಂದ. ಮರುದಿನ ಅಂಗಡಿಯ ಬೋರ್ಡಿನಲ್ಲಿ ‘ಶಾಮಿಯಾನ ಮತ್ತು ಪಾತ್ರೆ’ ಅಳಿಸಿ ‘ರಾಕ್ ಸಂಗೀತ ಧ್ವನಿಮುದ್ರಕರು’ ಎಂದು ಬರೆಸಿದ. ಒಂದೇ ವಾರದಲ್ಲಿ ಪಾತ್ರೆ ಕೇಳಿಕೊಂಡು ಬಂದ ಮೂರು ಮದುವೆಯವರು ವಾಪಸ್ಸು ಹೋದರು.

ಕಂಪನಿಯ ಕಾಗದ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದವನು ನಾನು. ಅಲ್ಲಿ ಸಾಫ್‌ಸೀದಾ ಬರೆದಿತ್ತು: ಮುದ್ರಣದಲ್ಲಿ ಯಾರ ಯಾರ ಧ್ವನಿ ಇದೆಯೋ ಅವರೆಲ್ಲರ ಒಪ್ಪಿಗೆಯ ಸಹಿ ಬೇಕು. ಇಪ್ಪತ್ತನೆಯ ತಾರೀಖಿನೊಳಗೆ ತಲುಪದಿದ್ದರೆ ತಟ್ಟೆ ಒತ್ತುವ ಸರದಿ ಬೇರೆಯವರಿಗೆ ಹೋಗುತ್ತದೆ.

ಚಳ್ಳಕೆರೆ ತಾಲ್ಲೂಕಿನಲ್ಲಿ ಮಹಜರು ಇಲ್ಲದೆ ಒಂದು ಕರೆಂಟು ಕಂಬ ಅಲುಗುವುದಿಲ್ಲ. ದಾರಿ ಬಿಡಿಸುವುದಕ್ಕೆ, ಬೇಲಿ ಸರಿಸುವುದಕ್ಕೆ, ಸತ್ತವನು ಸತ್ತಿದ್ದಾನೆ ಎನ್ನುವುದಕ್ಕೆ, ಎಲ್ಲಕ್ಕೂ ಸುತ್ತಮುತ್ತಲಿನವರ ಸಹಿ ಬೇಕು. ಅಂಥ ಊರಿನಲ್ಲಿ ಹುಟ್ಟಿದ ನಮಗೆ ಈ ಷರತ್ತಿನಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನನ್ನ ಅಂಗಡಿಯಲ್ಲಿ ಟೇಪು ಇಟ್ಟುಕೊಂಡು, ಕಾಲ ಸಪ್ಪಳದ ತನಕ ಮೂರು ಸಲ ಕೇಳಿ, ಧ್ವನಿಗಳ ಪಟ್ಟಿ ಮಾಡಿದೆವು. ಶಿಳ್ಳೆ ಹೊಡೆದವನು ಒಬ್ಬ. ಎರಡನೆಯ ಹಾಡಿನಲ್ಲಿ ಅತ್ತ ಕೂಸು ಒಂದು. “ಬೀಡಿ ಐತೇನ್ಲೇ” ಎಂದವನು ಒಬ್ಬ, “ಇಲ್ಲ ಕಣ್ಲೇ” ಎಂದವನು ಇನ್ನೊಬ್ಬ. ಮತ್ತೆ ಮೂರನೆಯ ಹಾಡಿನ ನಡುವೆ ಒಂದು ಘನವಾದ ಕೆಮ್ಮು. ಕಾಲ ಸಪ್ಪಳದಲ್ಲಿ ಹಮಾಲರೆಲ್ಲರ ಪಾಲೂ ಇದ್ದುದರಿಂದ ಸಿಕ್ಕವರನ್ನೆಲ್ಲ ಸೇರಿಸುವುದೆಂದಾಯಿತು.

ಸುದ್ದಿ ಹಬ್ಬಿತು. ಹಳೆಯ ಹಮಾಲರು ಒಬ್ಬೊಬ್ಬರೇ ಬರತೊಡಗಿದರು. ಕೆಮ್ಮಿಗೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡರು.

“ಆ ಕೆಮ್ಮು ನಂದು ಸ್ವಾಮಿ. ನಮ್ಮಪ್ಪಂದೂ ಹಿಂಗೇ ಇತ್ತು.”

“ಸುಳ್ಳಾಡ್ಬ್ಯಾಡಲೇ. ನೀನು ಅವಾಗ ಕೆಮ್ತಾನೇ ಇರ್ಲಿಲ್ಲ.”

ಕಡೆಗೆ ಜೆರಾಕ್ಸ್ ಯಂತ್ರದ ಮುಂದೆ ಇಬ್ಬರನ್ನೂ ನಿಲ್ಲಿಸಿ ಕೆಮ್ಮಿಸಿದೆವು. ಯಾರದೆಂದು ತಿಳಿಯಲಿಲ್ಲ, ಇಬ್ಬರಿಂದಲೂ ಸಹಿ ಹಾಕಿಸಿಕೊಂಡೆವು. ಅತ್ತಿದ್ದ ಕೂಸು ಈಗ ಹಿರಿಯೂರಿನಲ್ಲಿ ನರ್ಸು. ಫೋನಿನಲ್ಲಿ “ಅಳೋದಕ್ಕೂ ಪರ್ಮಿಷನ್ ಬೇಕಾ ಅಂಕಲ್?” ಎಂದು ನಕ್ಕು, ಸಹಿ ಮಾಡಿದ ಕಾಗದದ ಫೋಟೊ ಕಳಿಸಿದಳು. ತೀರಿಹೋದವರ ಪರವಾಗಿ ಮಕ್ಕಳು ಬಂದರು. ಒಬ್ಬ ಮಗ ಅಪ್ಪನ ಶಿಳ್ಳೆಯನ್ನು ಮೂರು ಸಲ ಹಾಕಿಸಿಕೊಂಡು ಕೇಳಿ, ಕಣ್ಣೊರೆಸಿಕೊಂಡು, ನಮ್ಮಿಬ್ಬರ ಕೈ ಹಿಡಿದು, ನಾವು ಬೇಡವೆಂದರೂ ಒಂದು ಚೀಲ ಹುಣಸೆಹಣ್ಣು ಇಟ್ಟು ಹೋದ.

ಹಮಾಲರಿಗೆ ಆಗ ಮೇಸ್ತ್ರಿಯಾಗಿದ್ದ ಉಗ್ರಪ್ಪ ಬಂದದ್ದು ಕೊನೆಗೆ. ಅರವತ್ತೈದು ದಾಟಿದ ಆಳು. ಸಹಿ ಹಾಕಿಯೂ ಹೋಗದೆ ನಿಂತ.

“ಕೊನೇ ಹಾಡು ನಾವು ಕೇಳ್ಲೇ ಇಲ್ಲ ಸ್ವಾಮಿ. ಅದೊಂದು ಹಂಗೇ ಉಳ್ಕಂತು. ಆ ಹುಡುಗನ್ ತಾವ ಹೋಗಾದಾದ್ರೆ ನಾನೂ ಬರ್ತೀನಿ.”

ಎದ್ದು ಹೋದದ್ದೂ ನೀವೇ, ಕೇಳಲಿಲ್ಲ ಎನ್ನುವುದೂ ನೀವೇ ಎಂದು ಬಾಯಿಗೆ ಬಂದಿತ್ತು. ವಯಸ್ಸಾದ ಮನುಷ್ಯನ ಮಾನ ತೆಗೆಯಬಾರದೆಂದು ನುಂಗಿಕೊಂಡೆ. ನನ್ನ ಸಭ್ಯತೆಯಿಂದ ಆಗಿರುವ ನಷ್ಟಗಳಲ್ಲಿ ಇದು ದೊಡ್ಡದು.

ಇನ್ನು ಉಳಿದದ್ದು ಕಾಗದದ ಮೇಲಿನ ‘ಮಾಲೀಕರು’ ಎಂಬ ಖಾನೆ. ಪಾಲಾಕ್ಷ ಪೆನ್ನು ತೆಗೆಯುವಷ್ಟರಲ್ಲಿ ಮಿಲ್ಲಿನ ಯಜಮಾನರ ಮಗ ಜಯದೇವಪ್ಪನವರು ಕಾರಿನಿಂದ ಇಳಿದರು.

“ನಮ್ ಮಿಲ್ಲು, ನಮ್ ಅಂಗಳ, ನಮ್ ಕರೆಂಟು. ಟೇಪಲ್ಲಿ ಹಿಂದುಗಡೆ ಗುರ್ರ್ ಅಂತೈತಲ್ಲ, ಅದು ನಮ್ ಮಿಷನ್ನು. ಮಾಲೀಕರು ನಾವಲ್ದೆ ಇನ್ಯಾರು?”

“ಮಿಷನ್ ಹಾಡ್ಲಿಲ್ಲ ಸಾವ್ಕಾರ್ರೇ” ಎಂದ ಪಾಲಾಕ್ಷ.

“ಹಾಡಿದ್ದು ನೀನಾ?”

ಅದೇ ಹೊತ್ತಿಗೆ ಗೌರಸಮುದ್ರದ ಬಸ್ಸಿನಿಂದ ಕರಿಯಕ್ಕ ಇಳಿದು ಬಂದಳು. ಎಪ್ಪತ್ತಾರು ವರ್ಷ, ಬಾಯಿಯಲ್ಲಿ ಹಲ್ಲು ಕಡಿಮೆ, ಮಾತು ಕಡಿಮೆಯಿಲ್ಲ. “ಕ್ಯಾಸೆಟ್ಟು ನಂದು! ನನ್ ಪದ ಒರೆಸಿ ಇನ್ಯಾರ್ದೋ ಪದ ತುಂಬಿದ್ರೆ ನಿಂದಾಗ್ತದೇನೋ ಅಳಿಯಪ್ಪ? ನನ್ ಹೊಲ್ದಾಗೆ ನೀನು ಉತ್ರೆ ಹೊಲ ನಿಂದಾ?” ಎಂದಳು. ಜಯದೇವಪ್ಪನವರು ಕೂಡ ಒಂದು ಹೆಜ್ಜೆ ಹಿಂದೆ ಸರಿದರು.

ನ್ಯಾಯಕ್ಕಾಗಿ ತಾಲ್ಲೂಕು ಕಚೇರಿಯ ಮುಂದೆ ಕೂರುವ ಪತ್ರ ಬರಹಗಾರ ಚಂದ್ರಣ್ಣನ ಬಳಿ ಹೋದೆವು. ಆತ ಕನ್ನಡಕ ಏರಿಸಿ, ಪೂರ್ತಿ ಕೇಳಿ, ಪೆನ್ನು ಹಿಡಿದು, “ಆಯ್ತು, ಚೆಕ್ಕುಬಂದಿ ಹೇಳ್ರಿ” ಎಂದ.

“ಹಾಡಿಗೆ ಚೆಕ್ಕುಬಂದಿ ಎಲ್ಲಿಂದ ತರಾನ ಚಂದ್ರಣ್ಣ?”

“ಪೂರ್ವಕ್ಕೆ ಯಾರ ಹಾಡೈತೆ, ಪಶ್ಚಿಮಕ್ಕೆ ಯಾರ ಹಾಡೈತೆ, ಅದನ್ನ ಹೇಳ್ದಿದ್ರೆ ನಾಳೆ ಯಾರಾದ್ರೂ ಒತ್ತುವರಿ ಮಾಡಿದ್ರೆ ನಾನೇನ್ ಮಾಡ್ಲಿ?”

“ಪಶ್ಚಿಮಕ್ಕೆ ನನ್ ಸೋಬಾನೆ ಐತೆ, ಬರ್ಕಳಪ್ಪ” ಎಂದಳು ಕರಿಯಕ್ಕ. ಚಂದ್ರಣ್ಣ ನಿಜವಾಗಿಯೂ ಬರೆದುಕೊಂಡ.

ಆಮೇಲೆ ಅವಳೇ ಯಾಕೋ ತಣ್ಣಗಾದಳು. ಕಟ್ಟೆಯ ಮೇಲೆ ಕೂತು ಎಲೆ ಮಡಿಸುತ್ತ ಹೇಳಿದಳು: “ನಿಮ್ ಮಾವ ಮೂವತ್ತು ವರ್ಷ ಕಿಲಾರಿ ಆಗಿದ್ರು. ದೇವರೆತ್ತು ಕಾದ್ರು. ಮೇವಿಲ್ದ ಕಾಲ್ದಾಗೆ ತಾವು ಉಪಾಸ ಇದ್ದು ಅವಕ್ಕೆ ಹಾಕಿದ್ರು. ಯಾವತ್ತಾನ ಒಂದು ಕರ ನಂದು ಅಂದ್ರಾ? ಅವು ದೇವ್ರವು, ನಾನು ಕಾಯೋನು ಅಂತಿದ್ರು. ಈ ಹಾಡು ಆ ಹುಡುಗಂದು ಕಣೋ ಅಳಿಯಪ್ಪ. ಇಷ್ಟ್ ದಿನ ಹಾಳಾಗ್ದಂಗೆ ಇಟ್ಕಂಡಿದ್ದೀಯಲ್ಲ, ಅದೇ ನಿನ್ ಪುಣ್ಯ.”

ಪಾಲಾಕ್ಷನ ಹೊಸ ಬೋರ್ಡಿನ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಆದರೂ ಅವನು ನನ್ನಿಂದ ಪೆನ್ನು ಇಸಿದುಕೊಂಡು ‘ಮಾಲೀಕರು’ ಎಂಬುದನ್ನು ಹೊಡೆದುಹಾಕಿ ‘ಕಿಲಾರಿ’ ಎಂದು ಬರೆದು, ಮುಂದೆ ತನ್ನ ಹೆಸರು ಬರೆದ. ಜಯದೇವಪ್ಪನವರು “ನಮ್ ಮಿಷನ್ ಪರವಾಗಿ” ಎಂದು ಪಟ್ಟಿಯಲ್ಲಿ ಒಂದು ಸಹಿ ಹಾಕಿ ಸಮಾಧಾನವಾಗಿ ಹೋದರು. ಕರಿಯಕ್ಕನ ಹೆಬ್ಬೆಟ್ಟಿನೊಂದಿಗೆ ಸಹಿಗಳು ನಲವತ್ತೊಂದಾದವು.

ಹದಿನೆಂಟನೆಯ ತಾರೀಖು ನಾನು ದಿವ್ಯಾಗೆ ಹೆಮ್ಮೆಯಿಂದ ಫೋನು ಮಾಡಿದೆ. ಆಕೆ ಮೊದಲು ನಕ್ಕಳು, ಆಮೇಲೆ ನಗಲಿಲ್ಲ.

“ಸರ್, ಧ್ವನಿ ಅಂದರೆ ಕಲಾವಿದರದ್ದು. ಕೇಳೋರ ಸಹಿ ಯಾರೂ ಕೇಳಲ್ಲ. ಬೇಕಾಗಿದ್ದು ಮೂರೇ ಸಹಿ. ಇಬ್ಬರದು ಬಂದಿದೆ. ಈರೇಶ್ ಅವರು ಮಾತ್ರ ಆಗಲ್ಲ ಅಂತಿದ್ದಾರೆ. ಜನ ಎದ್ದು ಹೋದ ಕಚೇರಿನ ಲೋಕಕ್ಕೆ ಕೇಳಿಸಬೇಡಿ ಅಂತ ಬರೆದು ಕಳಿಸಿದ್ದಾರೆ. ಅವರು ಒಪ್ಪದಿದ್ದರೆ ನಾವು ಕೈಬಿಡ್ತೀವಿ ಸರ್.”

ನಲವತ್ತೊಂದು ಸಹಿಯ ಕಾಗದ ನನ್ನ ಕೈಯಲ್ಲಿ ಹಾಗೆಯೇ ಇತ್ತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಮಗೆ ಇಲಿಯೂ ಸಿಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ ಪಾಲಾಕ್ಷನ ಓಮ್ನಿಯಲ್ಲಿ ಮೊಳಕಾಲ್ಮೂರಿಗೆ ಹೊರಟೆವು: ಪಾಲಾಕ್ಷ, ನಾನು, ಉಗ್ರಪ್ಪ, ತೊಡೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕರಿಯಕ್ಕ. “ನನ್ ಕ್ಯಾಸೆಟ್ಟು ಹೋದ್ ಕಡೆ ನಾನೂ ಹೋಗ್ಬೇಕು” ಎನ್ನುವುದು ಅವಳ ವಾದ.

ಈರೇಶನ ಮನೆಯ ಮುಂದಿನ ಕೋಣೆಯಲ್ಲೇ ಮಗ್ಗ. ಅದರಲ್ಲಿ ಅರ್ಧ ನೇಯ್ದ ಹಸಿರು ರೇಷ್ಮೆ ಸೀರೆ. ಹೆಂಡತಿ ಗಂಗಲಕ್ಷ್ಮಿ ನೂಲು ಸುತ್ತುತ್ತಿದ್ದವಳು ಎದ್ದು, ಮನೆಮಾತಿನ ತೆಲುಗು ಬೆರೆಸಿ “ರಂಡಿ, ರಂಡಿ, ಒಳಗ್ ಬರ್ರಿ” ಎಂದು ಚಾಪೆ ಹಾಸಿದಳು. ಚಳ್ಳಕೆರೆ ಎಂದು ಕೇಳಿದೊಡನೆ ಈರೇಶನ ಮುಖ ಬಿಗಿಯಿತು. ಐವತ್ತು ದಾಟಿದ ಸಣಕಲು ಮನುಷ್ಯ, ಕುತ್ತಿಗೆಗೆ ಒಂದು ಟವೆಲು. ಮಾತು ಬರೀ ಉಸಿರು. ಹತ್ತಿರ ಬಗ್ಗಿದರೆ ಮಾತ್ರ ಕೇಳುತ್ತಿತ್ತು.

“ಅವತ್ತಿಂದು ಮರೆಯಾಕೆ ಇಷ್ಟು ವರ್ಷ ಬೇಕಾತು. ಈಗ ಅದನ್ನೇ ತಟ್ಟೆ ಮಾಡಿ ಮಾರ್ತೀರಾ? ಬ್ಯಾಡ್ರಿ.”

ಗಂಗಲಕ್ಷ್ಮಿ ನಮ್ಮ ಕಡೆ ತಿರುಗಿದಳು. “ಮದ್ವೆಯಾಗಿ ಇಪ್ಪತ್ತಮೂರು ವರ್ಷ ಆತಣ್ಣ. ಒಂದ್ಸಲ ಹಾಡ್ರಿ ಅಂದಾಗೆಲ್ಲ, ಚಳ್ಳಕೆರೆಯೋರ್ನ ಹೋಗಿ ಕೇಳು ಅಂತಿದ್ರು. ಫೋನ್ನಾಗೆ ಬಂದಿದ್ದನ್ನೂ ಕೇಳಾಕ್ ಬಿಡ್ಲಿಲ್ಲ. ಈಗ ನೀವೇ ಬಂದೀರಿ. ಇವ್ರು ಸಹಿ ಹಾಕ್ಲಿ ಬಿಡ್ಲಿ, ನಂಗೊಂದ್ಸಲ ಕೇಳ್ಸಿಬಿಡ್ರಿ. ನಿಮಗೆ ಕೈ ಮುಗೀತೀನಿ.”

ಪಾಲಾಕ್ಷ ಮೂರು ತಪ್ಪು ಗುಂಡಿಗಳ ಮೇಲೆ ಕೈಯಾಡಿಸಿ ನಾಲ್ಕನೆಯದಾಗಿ ಸರಿಯಾದದ್ದನ್ನು ಒತ್ತಿದ. ಇಪ್ಪತ್ತೈದರ ಪ್ರಾಯದ ದನಿಯೊಂದು ಆ ಸಣ್ಣ ಕೋಣೆಯಲ್ಲಿ ಎದ್ದು ನಿಂತಿತು. ಗಂಗಲಕ್ಷ್ಮಿ ಗಂಡನ ಮುಖ ನೋಡಿದಳು, ಟೇಪನ್ನು ನೋಡಿದಳು, ಮತ್ತೆ ಗಂಡನನ್ನು ನೋಡಿದಳು. ಕೈಯಲ್ಲಿದ್ದ ನೂಲಿನ ಉಂಡೆ ಬಿದ್ದು ಉರುಳಿ ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ನನಗೆ ರಾಕ್ ಸಂಗೀತ ಹಿಡಿಸುವುದಿಲ್ಲ, ಆದರೆ ಅವತ್ತು ಹಿಡಿಸಿತು ಎಂದು ಒಪ್ಪಿಕೊಳ್ಳುತ್ತೇನೆ.

ನಾಲ್ಕನೆಯ ಹಾಡು ಬಂತು. ನಡುವೆ ಧಡಧಡ ಕಾಲ ಸಪ್ಪಳ. ಗಿಟಾರು ತಡವರಿಸಿ ನಿಂತಿತು. ಈರೇಶ ಕೈ ಚಾಚಿ ಟೇಪು ನಿಲ್ಲಿಸಲು ಹೋದ. ಪಾಲಾಕ್ಷನೂ ಅಭ್ಯಾಸಬಲದಿಂದ ಕೈ ಚಾಚಿದ. ಕರಿಯಕ್ಕ ಇಬ್ಬರ ಕೈಗೂ ಫಟ್ಟೆಂದು ಒಂದೊಂದು ಕೊಟ್ಟಳು.

“ಮುಟ್ಬ್ಯಾಡ್ರಿ! ಮುಂದೆ ನನ್ ಸೋಬಾನೆ ಐತೆ. ಇಪ್ಪತ್ತೇಳು ವರ್ಷದಿಂದ ಇವ್ನು ಇಲ್ಲಿಗೇ ಬಾಯಿ ಮುಚ್ಚಿಸ್ತಾನೆ. ಇವತ್ತು ಕೇಳೇ ಏಳಾದು ನಾನು.”

ಟೇಪು ತಿರುಗಿತು. ಹೊರಗೆಲ್ಲೋ ಟೆಂಪೋ ಹೊರಟ ಸದ್ದು. ಆಮೇಲೆ ಮಿಲ್ಲಿನ ಯಂತ್ರದ ಗುರ್ರ್ ಮಾತ್ರ. ದೂರದಲ್ಲಿ ಏನೋ ಗಲಾಟೆ, ಹತ್ತಾರು ಬಾಯಿ ಒಟ್ಟಿಗೆ ಕೂಗಿದಂತೆ. ಯಂತ್ರದ ದನಿ ಇಳಿಯುತ್ತ ಇಳಿಯುತ್ತ ಪೂರ್ತಿ ನಿಂತುಹೋಯಿತು. ಮತ್ತೆ ಕಾಲ ಸಪ್ಪಳ, ಈ ಸಲ ಹತ್ತಿರ ಹತ್ತಿರಕ್ಕೆ. ಏದುಸಿರಿನ ಒಂದು ಗಂಡು ದನಿ ಮೈಕಿನ ಬಳಿಯೇ ಹೇಳಿತು:

“ಈಗ ಹಾಡಪ್ಪ ತಮ್ಮಾ! ಮಿಷನ್ ನಿಲ್ಸಿ ಬಂದ್ವಿ. ಇನ್ನು ನಿನ್ ಪದ ಪೂರಾ ಕೇಳ್ತೈತೆ!”

ಚಪ್ಪಾಳೆ. ನಲವತ್ತು ಜೊತೆ ಕೈಗಳು, ನಿಲ್ಲದ ಚಪ್ಪಾಳೆ. ಅದು ಮುಗಿದ ಮೇಲೆ ಒಬ್ಬ, “ಎಲ್ಲೋದ್ರಲೇ?” ಎಂದ. “ನೀರು ಕುಡ್ಯಾಕ್ ಹೋಗಿರ್ಬೇಕು, ಬರ್ತಾರೆ. ಸುಮ್ಕೆ ಕೂತ್ಕಳ್ರಲೇ” ಎಂದಿತು ಮೊದಲಿನ ದನಿ. ಚೀಲಗಳ ಮೇಲೆ ಕೂತ ಸದ್ದು. ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕರೆಂಟು ಹೋದಂತೆ ಟೇಪು ಎಳೆದು ನಿಂತು, ಹಿಂದೆಯೇ ಕರಿಯಕ್ಕನ ಸೋಬಾನೆ ಶುರುವಾಯಿತು. ಪಾಪ, ಅದನ್ನು ಅವಳ ಹೊರತು ಯಾರೂ ಕೇಳಿಸಿಕೊಳ್ಳಲಿಲ್ಲ.

ಈರೇಶ ಉಗ್ರಪ್ಪನನ್ನೇ ನೋಡುತ್ತಿದ್ದ.

“ಮೊದ್ಲನೇ ಎಣ್ಣೆ ಪೂರಾ ಬರೋ ತಂಕ ಮಿಷನ್ ನಿಲ್ಸಂಗಿಲ್ಲ ಅಂತ ಯಜಮಾನ್ರ ಆರ್ಡರು” ಎಂದ ಉಗ್ರಪ್ಪ, ತಪ್ಪು ಒಪ್ಪಿಕೊಳ್ಳುವವನಂತೆ ತಲೆ ತಗ್ಗಿಸಿ. “ಆ ಸದ್ದಿನಾಗೆ ನಿನ್ ಮಾತು ಕೇಳ್ತಿರ್ಲಿಲ್ಲ ತಮ್ಮಾ. ನೂಲಿನ ಪದ, ಬಸ್ಸಿನ ಪದ ಎಲ್ಲ ಚೆಂದಿದ್ವು, ಆದ್ರೆ ಅರ್ಧಂಬರ್ಧ. ಒಬ್ಬ ಹೋಗಿ ನಿಲ್ಸು ಅಂದ್ರೆ ನಾಳೆಯಿಂದ ಬರ್ಬ್ಯಾಡ ಅಂತಾರೆ. ಅದಕ್ಕೇ ಒಬ್ರೂ ಬಿಡ್ದಂಗೆ ಎಲ್ರೂ ಎದ್ದು ಹೋದ್ವಿ. ನಲವತ್ತು ಜನಾನೂ ಬಿಟ್ರೆ ಮೂಟೆ ಯಾರ್ ಹೊರ್ತಾರೆ? ನಿಲ್ಸಿಸ್ಕಂಡು ಬಂದ್ವಿ. ನೀವು ವೇದಿಕೆ ಹಿಂದೆ ಇದ್ದೀರಿ ಅಂದ್ಕಂಡು ಕೂಗಿದ್ವಿ, ನೋಡಿದ್ರೆ ನಿಮ್ ಟೆಂಪೋ ಹೊಂಟೋಗಿತ್ತು. ಕರೆಂಟ್ ಹೋಗೋ ತಂಕ ಕಾದ್ವಿ.”

ಪಾಲಾಕ್ಷ ಜೋರಾಗಿ ಅಳಲು ಶುರುಮಾಡಿದ. ಸಂಬಂಧಪಟ್ಟವರು ಅಳುವ ಮೊದಲೇ ಅಳುವುದು ಅವನ ಸ್ವಭಾವ. “ನಾನೊಂದು ದಿನನಾದ್ರೂ ಟೇಪನ್ನ ಮುಂದಕ್ಕೆ ಓಡಕ್ಕೆ ಬಿಟ್ಟಿದ್ರೆ ಆಗಿತ್ತಲ್ಲಣ್ಣ” ಎಂದು ಈರೇಶನ ಕಾಲು ಹುಡುಕುತ್ತಿದ್ದ. ಈರೇಶ ಅವನನ್ನು ಹಿಡಿದೆತ್ತಿ ತಬ್ಬಿಕೊಂಡ. ಆಮೇಲೆ ಕಾಗದ ತರಿಸಿ ಸಹಿ ಹಾಕಿದ. ಕೆಳಗೆ ಒಂದು ಸಾಲು ಸೇರಿಸಿದ: ಕ್ಯಾಸೆಟ್ಟಿನಿಂದ ಕಾಲ ಸಪ್ಪಳವಾಗಲಿ, ಯಂತ್ರದ ಸದ್ದಾಗಲಿ, ಕೆಮ್ಮಾಗಲಿ ತೆಗೆಯಕೂಡದು. ತೆಗೆದರೆ ಈ ಸಹಿ ವಾಪಸ್ಸು. ಸೋಬಾನೆಯನ್ನೂ ಬಿಡಕೂಡದು ಎಂದು ಕರಿಯಕ್ಕ ಬರೆಸಿದಳು.

ನಾವು ಏಳುವವರಿದ್ದೆವು. ಈರೇಶ ನನ್ನ ಕೈಲಿದ್ದ ಇನ್ನೊಂದು ಕಾಗದ ತೋರಿಸಿ, ಅದೇನೆಂದು ಕಣ್ಣಲ್ಲೇ ಕೇಳಿದ. ಕೇಳಿದವರ ಪಟ್ಟಿ, ಅದು ಬೇಕಾಗಿರಲಿಲ್ಲವಂತೆ, ನಾವೇ ತಪ್ಪು ತಿಳಿದೆವು ಎಂದೆ. ಅವನು ಅದನ್ನು ಇಸಿದುಕೊಂಡು, ಮಗ್ಗದ ಪಕ್ಕದ ಬೆಳಕಿಗೆ ಹಿಡಿದು, ಮೊದಲನೆಯ ಹೆಸರು ಓದಿದ. ಬರೀ ಉಸಿರಿನಲ್ಲಿ ಓದಿ, ಕೈ ಮುಗಿದ. ಎರಡನೆಯದು ಓದಿದ, ಕೈ ಮುಗಿದ. ಉಗ್ರಪ್ಪ ಪ್ರತಿ ಹೆಸರಿಗೂ “ಐದಾನೆ”, “ಹೋದ”, “ಇವಳು ಅವ್ನ ಮಗಳು” ಎಂದು ಉತ್ತರ ಕೊಡುತ್ತ ಹೋದ. ಕೆಮ್ಮಿನ ಇಬ್ಬರಿಗೂ ಕೈ ಮುಗಿದದ್ದಾಯಿತು, ಜಯದೇವಪ್ಪನವರ ಯಂತ್ರಕ್ಕೂ ಆಯಿತು. ಒಂದೊಂದು ಹೆಸರಿಗೂ ಅವನಿಗೆ ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಗಂಗಲಕ್ಷ್ಮಿ ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಬಹಳ ಹೊತ್ತು ಹಿಡಿಯಿತು. ನಲವತ್ತೊಂದೂ ಮುಗಿಯುವ ತನಕ ನಾವು ಯಾರೂ ಕೂತಲ್ಲಿಂದ ಏಳಲಿಲ್ಲ.